ನಿದ್ದೆ ಬಂದವಳ ಹಾಗೆ

ನಮ್ಮ ಕಡೆ ಯಾರಿಗಾದರೂ ಜಡ್ಡಾಯಿತೆಂದರೆ ನೆಂಟರು ಮಾತಾಡಿಸಲು ಬರುತ್ತಾರೆ. ಜಡ್ಡು ನಾಲ್ಕು ದಿನದ್ದಾದರೆ ಅದು ಸಂತೋಷದ ವಿಷಯವೇ. ನನ್ನದು ವರ್ಷಗಟ್ಟಲೆ ಮುಗಿಯದ ಜಡ್ಡು, ಹಾಗಾಗಿ ಅವರೂ ವರ್ಷಗಟ್ಟಲೆ ಬಂದರು. ಬಿಸ್ಕೀಟಿನ ಪುಡಾ, ಮೋಸಂಬಿ, ಎಳನೀರು ಹಿಡಿದುಕೊಂಡು ಬಸ್ಸಿನಲ್ಲಿ ಬಂದರು, ಮೋಟರ್ ಸೈಕಲ್ಲಿನ ಮೇಲೆ ಬಂದರು, ಒಮ್ಮೆಯಂತೂ ಕಬ್ಬು ಸಾಗಿಸುವ ಟ್ರ್ಯಾಕ್ಟರಿನಲ್ಲಿ ಹದಿನಾಲ್ಕು ಮಂದಿ ಒಟ್ಟಿಗೆ ಬಂದಿಳಿದರು. ಜಡ್ಡಿನವಳ ಜೊತೆ ಎರಡು ಮಾತಾಡದೆ ಹೋದರೆ ಬಂದದ್ದಕ್ಕೆ ಅರ್ಥವೇ ಇಲ್ಲ. ಅವಳು ಮಲಗಿದ್ದರೆ ಎಬ್ಬಿಸಬೇಕು. ಎಬ್ಬಿಸದಿದ್ದರೆ ಆ ಮನೆಯವರು ಮರ್ಯಾದೆ ಕೊಡಲಿಲ್ಲವೆಂದು ಹೇಳಿಕೊಂಡು ತಿರುಗುತ್ತಾರೆ.

ಇದು ಎಂಬತ್ತರ ದಶಕದ ಮಾತು. ನನಗಾಗ ಇಪ್ಪತ್ತಾರು. ಕರೋಶಿಯಿಂದ ಕಾಗವಾಡದ ಹತ್ತಿರದ ಹಳ್ಳಿಗೆ ಲಗ್ನವಾಗಿ ಬಂದು ನಾಲ್ಕು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಮೊದಲು ಬೆರಳಿನ ಸಂದುಗಳು ಬಾತವು, ಆಮೇಲೆ ಮೊಣಕಾಲು, ಆಮೇಲೆ ದಿನಾ ಸಂಜೆ ಜ್ವರ. ಮಿರಜದ ಡಾಕ್ಟರರು ರಕ್ತ ತೆಗೆಸಿ ನೋಡಿ, ಇದು ಕೊಲ್ಲುವ ರೋಗವಲ್ಲ, ಬಿಟ್ಟುಹೋಗುವ ರೋಗವೂ ಅಲ್ಲ ಎಂದು ಹೇಳಿ ಸಣ್ಣ ಬಿಳಿ ಗುಳಿಗೆ ಬರೆದುಕೊಟ್ಟರು. ಗುಳಿಗೆ ನೋವನ್ನು ಅರ್ಧ ಇಳಿಸಿತು, ನಿದ್ದೆಯನ್ನು ಪೂರ್ತಿ ಒಯ್ದಿತು. ಮುಖವನ್ನೂ ಉಬ್ಬಿಸಿತು. ಬಂದವರು ನನ್ನ ಉಬ್ಬಿದ ಗಲ್ಲ ನೋಡಿ, "ಚಲೋ ಆಗ್ಯಾಳಲ್ರಿ, ಮೈ ತುಂಬ್ಯಾಳ" ಎಂದು ಖುಷಿಪಡುತ್ತಿದ್ದರು. ಎದ್ದು ಒಂದು ಬಾರಿಸಬೇಕೆನ್ನಿಸುತ್ತಿತ್ತು. ಏಳುವ ಶಕ್ತಿ ನನಗಿರಲಿಲ್ಲ, ಅದು ಅವರ ಪುಣ್ಯ.

ನಿದ್ದೆ ಹೋದ ಮೇಲೆ ಕಿವಿ ಬದಲಾಯಿತು. ಇದನ್ನು ಆರೋಗ್ಯವಂತರಿಗೆ ತಿಳಿಸಿ ಹೇಳುವುದು ನನಗೆ ಇವತ್ತಿಗೂ ಆಗಿಲ್ಲ. ಅಡಿಗೆಮನೆಯಲ್ಲಿ ಒಂದು ಸ್ಟೀಲಿನ ತಾಟು ಬಿದ್ದರೆ ಸದ್ದು ಕಿವಿಯಲ್ಲಿ ನಿಲ್ಲುತ್ತಿರಲಿಲ್ಲ, ನೇರ ಮೊಣಕಾಲಿಗೆ ಇಳಿಯುತ್ತಿತ್ತು. ಸ್ಟೋವಿಗೆ ಪಂಪು ಹೊಡೆಯುವುದು, ಬಾಗಿಲ ಚಿಲಕ, ಯಾರೋ ಸೀನುವುದು, ಎಲ್ಲವೂ ಮೈಯ ಒಂದೊಂದು ಕಡೆ ಹೋಗಿ ಕಚ್ಚುತ್ತಿದ್ದವು. ರಾತ್ರಿಯೆಲ್ಲ ಎಚ್ಚರವಿದ್ದು ಬೆಳಗಿನ ಹೊತ್ತಿಗೆ ರೆಪ್ಪೆ ಭಾರವಾಗುತ್ತಿತ್ತು. ಸರಿಯಾಗಿ ಆಗಲೇ ದ್ರಾಕ್ಷಿ ತೋಟದಲ್ಲಿ ಡಬ್ಬಿ ಬಡಿಯಲು ಶುರುಮಾಡುತ್ತಿದ್ದರು.

ನಮ್ಮ ಮನೆ ತೋಟಕ್ಕೆ ಅಂಟಿಕೊಂಡೇ ಇತ್ತು. ಕಾಯಿಯಲ್ಲಿ ಸಿಹಿ ಇಳಿಯುವ ಕಾಲಕ್ಕೆ ಗಿಳಿ, ಗುಬ್ಬಿ ದಂಡುಗಟ್ಟಿ ಬರುತ್ತವೆ. ಅವುಗಳನ್ನು ಓಡಿಸಲು ಬೆಳಕು ಹರಿದಾಗಿನಿಂದ ಹೊತ್ತು ಮುಳುಗುವ ತನಕ ಆಳುಗಳು ಖಾಲಿ ಎಣ್ಣೆ ಡಬ್ಬಿ ಬಡಿಯುತ್ತ, ಹೋ ಎಂದು ಕೂಗುತ್ತ ಸಾಲುಗಳ ನಡುವೆ ತಿರುಗಬೇಕು. ಒಂದೇ ಸಮನೆ ಬಡಿದಿದ್ದರೆ ನಾನು ಹೇಗೋ ಹೊಂದಿಕೊಳ್ಳುತ್ತಿದ್ದೆನೇನೋ. ಒಂದೇ ಸಮ ಬಡಿದರೆ ಹಕ್ಕಿಗಳೂ ಹೊಂದಿಕೊಳ್ಳುತ್ತವೆ. ಅದಕ್ಕೇ ಬಿಟ್ಟು ಬಿಟ್ಟು ಬಡಿಯಬೇಕು, ಯಾವಾಗ ಬೀಳುತ್ತದೆಂದು ಗೊತ್ತಾಗದ ಹಾಗೆ. ಗಿಳಿಗಳಿಗಾಗಿ ಹೂಡಿದ ಉಪಾಯಕ್ಕೆ ನಾನು ಹಾಸಿಗೆಯಲ್ಲಿ ಬೆಚ್ಚಿಬೀಳುತ್ತಿದ್ದೆ. ಡಬ್ಬಿ ನಿಲ್ಲಿಸಿರೆಂದು ಹೇಳುವ ಬಾಯಿ ನನಗಿರಲಿಲ್ಲ. ಇಡೀ ಮನೆ ತಿನ್ನುತ್ತಿದ್ದದ್ದೇ ಆ ತೋಟದಿಂದ, ನನ್ನ ಗುಳಿಗೆ ಬರುತ್ತಿದ್ದದ್ದೂ ಅದರಿಂದಲೇ.

ಕಣ್ಣು ಮುಚ್ಚಿದರೆ ನನಗೆ ಕಾಣುತ್ತಿದ್ದದ್ದು ಒಂದೇ ಜಾಗ. ಕರೋಶಿಯ ನನ್ನ ತವರಿನ ಹಿತ್ತಲ ಕೋಲಿ. ಮೊಳದಷ್ಟು ದಪ್ಪ ಮಣ್ಣಿನ ಗೋಡೆ, ಬೆನ್ನಿಗೆ ಹೊಲ, ಒಂದೇ ಒಂದು ಸಣ್ಣ ಕಿಟಕಿ. ಮಧ್ಯಾಹ್ನ ಒಳಗೆ ಹೋಗಿ ಬಾಗಿಲು ಹಾಕಿದರೆ ಊರು ಇದೆಯೋ ಇಲ್ಲವೋ ಎನ್ನಿಸುತ್ತಿತ್ತು. ಅಲ್ಲಿ ಹತ್ತು ದಿನ ಮಲಗಿದರೆ ನಾನು ಮತ್ತೆ ಮನುಷ್ಯಳಾಗುತ್ತೇನೆಂದು ಬಲವಾಗಿ ನಂಬಿಬಿಟ್ಟಿದ್ದೆ. ಆ ನಂಬಿಕೆಯ ಮೇಲೆಯೇ ದಿನ ದೂಡುತ್ತಿದ್ದೆ.

ಆದರೆ ಹೋಗಬೇಕೆಂದರೆ ಹೋಗುವ ಹಾಗಿಲ್ಲ. ತವರಿನವರು ಕರೆಯಲು ಬರಬೇಕು. ಆರೋಗ್ಯ ಇದ್ದವಳಾದರೆ ಪಂಚಮಿಗೋ ದೀಪಾವಳಿಗೋ ಕರೆಯುತ್ತಾರೆ, ಹೋಗುತ್ತಾಳೆ. ಜಡ್ಡಿನ ಸೊಸೆಯನ್ನು ಅತ್ತೆ ತಾನಾಗಿ ಕಳಿಸಿದರೆ, ದುಡಿಯಲು ಆಗದವಳನ್ನು ತವರಿಗೆ ದಬ್ಬಿದಳು ಎಂದು ಜನ ಆಡುತ್ತಾರೆ. ಸೊಸೆ ತಾನಾಗಿ ಹೋದರೆ, ಗಂಡನ ಮನೆಯಲ್ಲಿ ನೋಡಿಕೊಳ್ಳಲಿಲ್ಲ ಎನ್ನುತ್ತಾರೆ. ಅತ್ತೆ ಬಿಚ್ಚಿ ಹೇಳಿಬಿಟ್ಟಿದ್ದರು. "ನಿಮ್ಮವ್ವ ಬಂದು ಕರೀಲಿ, ಅವತ್ತ ಕಳಸ್ತೀನಿ. ನಾನಾಗಿ ಕಳಸೂದಿಲ್ಲ."

ಅವ್ವ ಹಿಂದಿನ ವರ್ಷ ಒಮ್ಮೆ ಬಂದಿದ್ದಳು. ಅವಳದು ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತಾಡಿ ಬೆಳೆದ ದನಿ. ಅಂಗಳದಿಂದಲೇ "ಎಲ್ಲಿದ್ದೀ ಬೇ ನನ್ನವ್ವಾ" ಎಂದು ಕೂಗುತ್ತ, ಚಪ್ಪಲಿ ಎಳೆಯುತ್ತ ಒಳಗೆ ಬಂದು ನನ್ನ ತಲೆಯ ಹತ್ತಿರ ಕೂತು ಊರಿನ ಸುದ್ದಿಯನ್ನೆಲ್ಲ ಒದರತೊಡಗಿದಳು. ಮೂರು ದಿನ ಕಣ್ಣು ಮುಚ್ಚದೆ ಇದ್ದ ನಾನು, "ಅವ್ವಾ, ಬಾಯಿ ಮುಚ್ಚ ಬೇ! ನಿನ್ನ ದನಿ ಕೇಳಿದ್ರ ತಲಿಗೆ ಕೊಡ್ಲಿ ಹಾಕಿದಂಗ ಆಕ್ಕೈತಿ" ಎಂದು ಚೀರಿದೆ. ಅತ್ತೆಯ ಎದುರಿಗೇ ಅಂದೆ. ಅವ್ವ ತಟ್ಟನೆ ಸುಮ್ಮನಾದಳು. ಬಸ್ಸಿನ ಹೊತ್ತಾಗುವ ತನಕ ಸುಮ್ಮನೆ ಕೂತಿದ್ದು ಹೋದಳು. ಮಗಳು ಇಷ್ಟು ಕೆಟ್ಟದಾಗಿ ಮಾತಾಡಬಲ್ಲಳೆಂದು ಅವಳಿಗೆ ಅವತ್ತೇ ಗೊತ್ತಾಗಿದ್ದು. ನನಗೂ ಅವತ್ತೇ.

ಆಮೇಲೆ ನಾನೊಂದು ಅಂತರ್ದೇಶಿ ಪತ್ರ ಬರೆದೆ. ಬೆರಳು ಮಡಚಲು ಬರುತ್ತಿರಲಿಲ್ಲ, ಎಂಟು ಸಾಲಿಗೆ ಎರಡು ದಿನ ಹಿಡಿಯಿತು. ಅವತ್ತು ಬೈದದ್ದಕ್ಕೆ ತಪ್ಪಾಯಿತು ಎಂದು ಬರೆಯಬೇಕೆಂದುಕೊಂಡಿದ್ದೆ, ಓದಿ ಹೇಳುವವಳು ವೈನಿ, ಅಂದರೆ ಅಣ್ಣನ ಹೆಂಡತಿ, ಎಂದು ನೆನಪಾಗಿ ಬಿಟ್ಟುಬಿಟ್ಟೆ. ಬಂದು ಕರೆದುಕೊಂಡು ಹೋಗು, ಹಿತ್ತಲ ಕೋಲಿಯಲ್ಲಿ ಮಲಗುತ್ತೇನೆ, ಯಾರಿಗೂ ತ್ರಾಸ ಕೊಡುವುದಿಲ್ಲ ಎಂದಷ್ಟೇ ಬರೆದೆ. ಆ ಕೋಲಿಯಲ್ಲಿ ಅಣ್ಣ ತಂಬಾಕಿನ ಮೂಟೆ ಒಟ್ಟಿದ್ದಾನೆ, ಮಾರಿದ ಮೇಲೆ ಬರುತ್ತೇವೆ ಎಂದು ಉತ್ತರ ಬಂತು. ಪಂಚಮಿ ಹೋಯಿತು, ದೀಪಾವಳಿ ಹೋಯಿತು. ನಾನು ದಾರಿ ಕಾಯುತ್ತಲೇ ಇದ್ದೆ.

ಈ ನಡುವೆ ನಾನು ಒಂದು ವಿದ್ಯೆ ಕಲಿತೆ. ಮಾತಾಡಿಸಲು ಬಂದವರ ಸುಳಿವು ಹತ್ತಿದ ಕೂಡಲೆ ಗೋಡೆಯ ಕಡೆ ಹೊರಳಿ ಕಣ್ಣು ಮುಚ್ಚಿಬಿಡುವುದು. ಮೊದಮೊದಲು ಯಾರೂ ನಂಬುತ್ತಿರಲಿಲ್ಲ, ಅಲ್ಲಾಡಿಸಿ ಎಬ್ಬಿಸುತ್ತಿದ್ದರು. ಒಂದು ದಿನ ಅವರು ಹೋದ ಮೇಲೆ ಅತ್ತೆ ಬಾಗಿಲಲ್ಲಿ ನಿಂತು ಸೊಂಟದ ಮೇಲೆ ಕೈಯಿಟ್ಟುಕೊಂಡು ಹೇಳಿದರು. "ನಿದ್ದಿ ಮಾಡೂರು ಹಂಗ ಕಣ್ಣ ಬಿಗಿಹಿಡಿಯೂದಿಲ್ಲ. ಹುಬ್ಬ ಸಡ್ಲ ಬಿಡ. ಬಾಯಿ ಒಂಚೂರ ತೆರಿ. ಉಸರ ಹೊಟ್ಟಿಯಿಂದ ಬರ್ಲಿ."

ನಾನು ಕಣ್ಣು ಬಿಟ್ಟು ನೋಡಿದೆ. ಅವರು ನಗುತ್ತಿರಲಿಲ್ಲ. "ಬಂದೋರಿಗೆಲ್ಲ ಚಾ ಕಾಸಿ ಕಾಸಿ ನನಗೂ ಸಾಕಾಗೈತಿ" ಎಂದರು.

ಅತ್ತೆ ನನ್ನನ್ನು ಪ್ರೀತಿಸುತ್ತಿದ್ದರೆಂದು ನಾನು ಹೇಳಲಾರೆ, ಆದರೆ ಈ ಕೆಲಸದಲ್ಲಿ ನಾವಿಬ್ಬರೂ ಒಂದಾದೆವು. ಅವರು ಪಡಸಾಲೆಯಲ್ಲೇ ಬಂದವರನ್ನು ತಡೆದು, "ಈಗ ಕಣ್ಣ ಮುಚ್ಯಾಳ, ಎಂಟ ದಿನದ ಮ್ಯಾಲ ಇವತ್ತ ನಿದ್ದಿ ಹತ್ತೇತಿ ನೋಡ್ರಿ" ಎನ್ನುತ್ತಿದ್ದರು. ಹಟ ಹಿಡಿದವರು ಬಾಗಿಲಿಗೆ ಬಂದು ಇಣುಕಿದರೆ ನಾನು ತಯಾರಿರುತ್ತಿದ್ದೆ. ಕಿವಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿ, ತಲೆಗೆ ಕಣ್ಣಿನ ತನಕ ಸುತ್ತಿದ ಚಾದರ, ಅರೆ ತೆರೆದ ಬಾಯಿ. ಬಂದವರು ಬಿಸ್ಕೀಟು ಇಟ್ಟು ಹೋಗುತ್ತಿದ್ದರು. ನಿದ್ದೆ ಮಾತ್ರ ಬರಲಿಲ್ಲ, ಅದರ ವೇಷ ಹಾಕುವುದು ಚೆನ್ನಾಗಿ ಬಂತು. ಯಾರು ಬಂದಿದ್ದಾರೆಂದು ಕಣ್ಣು ತೆರೆಯದೆ ಹೆಜ್ಜೆಯಿಂದಲೇ ಗುರುತಿಸುತ್ತಿದ್ದೆ. ನನ್ನ ಗಂಡನ ಸೋದರತ್ತೆಯೊಬ್ಬಳು ಬರಿಗಾಲಲ್ಲಿ ಬೆಕ್ಕಿನ ಹಾಗೆ ಬಂದು, ಪಾದ ಹಿಡಿದುಕೊಂಡು, ಎಚ್ಚರವಾದರೆ ಸಾಕು ಅಳಲು ಶುರುಮಾಡುತ್ತಿದ್ದಳು. ಅವಳಿಗಂತೂ ನಾನು ಒಮ್ಮೆಯೂ ಕಣ್ಣು ಬಿಟ್ಟವಳಲ್ಲ.

ಆ ವರ್ಷ ದ್ರಾಕ್ಷಿ ಕೊಯ್ಲು ನಡೆದಿತ್ತು. ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಗಂಡ ಪೆಟ್ಟಿಗೆ ತುಂಬಿಸುವಲ್ಲಿದ್ದರು, ಅತ್ತೆ ಆಳುಗಳಿಗೆ ಬುತ್ತಿ ಒಯ್ದಿದ್ದರು. ಕೊಯ್ಯದೆ ಉಳಿದ ಸಾಲುಗಳಲ್ಲಿ ಡಬ್ಬಿ ಬೀಳುತ್ತಲೇ ಇತ್ತು. ನಡುಬಾಗಿಲು ಮೆಲ್ಲಗೆ ಸರಿದದ್ದು ಹತ್ತಿಯೊಳಗಿಂದಲೂ ನನಗೆ ತಿಳಿಯಿತು. ಗೋಡೆಗೆ ಹೊರಳಿ ಬಾಯಿ ತೆರೆದೆ. ಬರಿಗಾಲು, ಮೆತ್ತನ್ನ ಹೆಜ್ಜೆ. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಒಳಗೆ ಬಂದು, ಕಾಲ ಕಡೆ ಕೂತು, ಹೊದ್ದ ಕೌದಿಯ ಒಳಗೆ ಕೈಹಾಕಿ ನನ್ನ ಪಾದ ಹಿಡಿದಿತು ಆ ಜೀವ. ಬಂದಳಪ್ಪ ಸೋದರತ್ತೆ ಎಂದುಕೊಂಡೆ.

ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷಕ್ಕೆ ಬೇಸತ್ತು ಏಳುತ್ತಾಳೆ. ಅವತ್ತು ಏಳಲಿಲ್ಲ. ಪಾದವನ್ನು ಹಿಂಡದೆ, ತಿಕ್ಕದೆ ಸುಮ್ಮನೆ ಹಿಡಿದುಕೊಂಡು ಕೂತೇ ಇದ್ದಳು. ನನ್ನ ಅಡಿಬಿದ್ದ ತೋಳು ಜುಮ್ಮೆನ್ನತೊಡಗಿತು, ಸೊಂಟ ಉರಿಯತೊಡಗಿತು, ಹೊರಳಲು ಆಗುತ್ತಿರಲಿಲ್ಲ. ಒಮ್ಮೆ ಡಬ್ಬಿ ತೀರ ಹತ್ತಿರದಲ್ಲಿ ಬಿತ್ತು. ಮೈ ಝಲ್ಲೆಂದಿತು, ಆದರೂ ರೆಪ್ಪೆ ಅಲ್ಲಾಡಗೊಡಲಿಲ್ಲ. ಬಾಯಿ ಮುಚ್ಚಿಕೊಂಡು ಬೈಯುವುದರಲ್ಲಿ ನಾನು ಆಗ ಪಳಗಿದ್ದೆ. ಹೋಗೇ, ಎದ್ದು ಹೋಗೇ, ನಿನಗೇನು ಮನೆ ಮಾರು ಇಲ್ಲವೇ, ನಾನು ಸತ್ತರೂ ಹೀಗೇ ಕೂರುತ್ತೀಯಾ ಎಂದು ಬಾಯಿಗೆ ಬಂದದ್ದನ್ನೆಲ್ಲ ಮನಸ್ಸಿನಲ್ಲೇ ಬೈದೆ. ಎರಡು ತಾಸು ಕಳೆದಿರಬೇಕು. ಕೊನೆಗೆ ಪಾದದ ಮೇಲಿನ ಕೈ ಹೋಯಿತು, ಕೌದಿ ಸರಿಯಾಯಿತು, ಬಾಗಿಲು ಮತ್ತೆ ಸರಿಯಿತು. ಗೆದ್ದೆ ಎಂದುಕೊಂಡು ಹೊರಳಿ ಮಲಗಿದೆ.

ಸಂಜೆ ಅತ್ತೆ ಬಂದವರೇ ನನ್ನ ಕೋಲಿಯ ಬಾಗಿಲಲ್ಲಿ ನಿಂತರು. "ನಿಮ್ಮವ್ವ ಬಂದಿದ್ಲು. ಬಸ್ಸಿನ ದಾರ್ಯಾಗ ಸಿಕ್ಲು. ನಿನ್ನ ಕರ್ಕೊಂಡ ಹೋಗಾಕ ಅಂತ ಬಂದಿದ್ಲಂತ, ಕೋಲಿ ಖಾಲಿ ಮಾಡ್ಸ್ಯಾಳಂತ. ನೀ ಗಾಢ ನಿದ್ದ್ಯಾಗ ಇದ್ದೀ, ಇಲ್ಲೇ ಇಷ್ಟ ಚಲೋ ನಿದ್ದಿ ಹತ್ತೇತಿ ಅಂದಮ್ಯಾಲ ಎಬ್ಬಿಸಿ ಯಾಕ ಒಯ್ಯೂದು ಅಂತಂದ ಹ್ವಾದ್ಲು." ಆಮೇಲೆ, "ಖರೇನ ನಿದ್ದಿ ಹತ್ತಿತ್ತೇನು?" ಎಂದರು.

ನಾನು ಗೋಡೆಯ ಕಡೆ ಹೊರಳಿದೆ. ಅವರು ಒಳಗೆ ಹೋದ ಮೇಲೆ ಕೌದಿಯನ್ನು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ. ನನ್ನ ಅಳುವಿನ ಸದ್ದೂ ನನಗೆ ತಡೆಯುತ್ತಿರಲಿಲ್ಲ.

ಮರುದಿನವೇ ಹೋಗಿ ಅವ್ವನನ್ನು ಕರೆತರುತ್ತೇನೆಂದು ಗಂಡ ಹೇಳಿದರು. ಕೊಯ್ಲು ಬಿಟ್ಟು ಹೋಗಲಾಗಲಿಲ್ಲ. ಕೊಯ್ಲು ಮುಗಿಯುವುದರೊಳಗೆ ಅಣ್ಣನ ಪತ್ರ ಬಂತು. ನಿನಗೆ ಅಲ್ಲೇ ನಿದ್ದೆ ಹತ್ತುತ್ತಿದೆ ಎಂದು ಅವ್ವ ಹೇಳಿದಳು, ಕೇಳಿ ಸಮಾಧಾನವಾಯಿತು, ಹಿತ್ತಲ ಕೋಲಿಯನ್ನು ಒಬ್ಬ ಮಾಸ್ತರರ ಸಂಸಾರಕ್ಕೆ ಬಾಡಿಗೆಗೆ ಕೊಟ್ಟಿದ್ದೇವೆ ಎಂದು ಅದರಲ್ಲಿತ್ತು. ಅದಕ್ಕೆ ನಾನು ಏನೆಂದು ಬರೆಯಲಿ? ಅವ್ವಾ, ನಾನು ಎಚ್ಚರವಿದ್ದೆ, ಎರಡು ತಾಸು ನಿನ್ನನ್ನು ಬೈಯುತ್ತಾ ಬಿದ್ದುಕೊಂಡಿದ್ದೆ ಎಂದು ಬರೆಯುವುದೇ? ಅದನ್ನು ವೈನಿ ಓದಿ ಹೇಳುವುದೇ? ಮಗಳು ನಿದ್ದೆ ಮಾಡಿದ್ದನ್ನು ಕಣ್ಣಾರೆ ಕಂಡೆ ಎಂದು ಅವ್ವ ಕರೋಶಿಯ ತುಂಬ ಹೇಳಿಕೊಂಡು ತಿರುಗುತ್ತಿದ್ದಾಳೆಂದೂ ಕೇಳಿದೆ. ಆ ಒಂದು ಸಂತೋಷವನ್ನಾದರೂ ಅವಳಿಗೆ ಬಿಡೋಣವೆಂದು ಸುಮ್ಮನಾದೆ. ನನ್ನ ಮರ್ಯಾದೆಯೂ ಅದರಲ್ಲಿ ಉಳಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಆಮೇಲಿನ ವರ್ಷಗಳನ್ನು ಹೇಗೆ ಕಳೆದೆ ಎಂದರೆ, ಬಾವಿಯ ಮೋಟರಿನ ಕೋಣೆಯಲ್ಲಿ ಕಳೆದೆ. ಒಂದೇ ಸಮ ಗುಂಯ್ ಎನ್ನುವ ಸದ್ದು ನನ್ನನ್ನು ಕಚ್ಚುವುದಿಲ್ಲ, ಉಳಿದ ಸದ್ದುಗಳನ್ನೂ ಅದು ನುಂಗುತ್ತದೆ ಎಂದು ಒಂದು ದಿನ ಅಕಸ್ಮಾತ್ ಗೊತ್ತಾಯಿತು. ಮೋಟರಿನ ಪಕ್ಕ ಹೊರಸು ಹಾಕಿಸಿಕೊಂಡೆ. ಕರೆಂಟು ಇದ್ದಷ್ಟು ಹೊತ್ತು ನಿದ್ದೆ, ಕರೆಂಟು ಹೋದ ಕೂಡಲೆ ಎಚ್ಚರ. ಅಲ್ಲಿ ಹಾವು ಬರುತ್ತವೆ ಎಂದು ಗಂಡ ಹೆದರಿಸಿದರು. ಹಾವು ಸದ್ದು ಮಾಡುವುದಿಲ್ಲವಲ್ಲ ಎಂದೆ. ಅತ್ತೆ ಅಡಿಗೆಮನೆಯ ಸ್ಟೀಲಿನ ತಾಟುಗಳ ನಡುವೆ ಒಂದೊಂದು ಹರಕು ಬಟ್ಟೆ ಇಟ್ಟು ಜೋಡಿಸುವುದನ್ನು ರೂಢಿ ಮಾಡಿಕೊಂಡರು, ಯಾಕೆಂದು ಯಾರಿಗೂ ಹೇಳಲಿಲ್ಲ. ಗುಳಿಗೆ ನಿಧಾನವಾಗಿ ಕಡಿಮೆಯಾಯಿತು. ರೋಗ ಹೋಗಲಿಲ್ಲ. ನಿದ್ದೆ ದಿನಕ್ಕೆ ಮೂರು ತಾಸಿಗೆ ಬಂದು ನಿಂತಿತು, ಇವತ್ತಿಗೂ ಅಲ್ಲಿಯೇ ಇದೆ.

ಅವ್ವ ಲಗ್ನಗಳಲ್ಲಿ, ಕೂಸಿಗೆ ಹೆಸರಿಡುವ ಬಾರಸೆಗಳಲ್ಲಿ ಸಿಗುತ್ತಿದ್ದಳು. ನನ್ನ ಎದುರು ಬಂದಾಗ ಅವಳ ದನಿ ತಗ್ಗುತ್ತಿತ್ತು. "ಅರಾಮ ಇದ್ದೀ?" ಎಂದು ಮೆಲ್ಲಗೆ ಕೇಳಿ, ಬೀಗರನ್ನು ವಿಚಾರಿಸಿದ ಹಾಗೆ ವಿಚಾರಿಸಿ ಆಚೆ ಹೋಗುತ್ತಿದ್ದಳು. ಆ ದಿನದ ಮಾತನ್ನು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ಜಡ್ಡಿಗೆ ಹೆದರಿ ದೂರ ಇರುತ್ತಾಳೆಂದು ತಿಳಿದಿದ್ದೆ. ಮತ್ತೆ ಯಾವತ್ತೂ ಅವಳು ಕರೆಯಲು ಬರಲಿಲ್ಲ.

ಏಳೆಂಟು ವರ್ಷ ಹೀಗೇ ಹೋಯಿತು. ತೊಂಬತ್ತರ ದಶಕ ಅರ್ಧ ಕಳೆದಿರಬೇಕು, ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಅಣ್ಣನೇ ಬಂದು ನನ್ನನ್ನು ಕರೆದೊಯ್ದ. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸುವಾಗ, ಡಾಕ್ಟರರು ಇನ್ನು ಅವ್ವ ಏಳುವುದಿಲ್ಲ ಎಂದಿದ್ದಾರೆ ಎಂದ. ಮಾಸ್ತರರು ಬಿಟ್ಟುಹೋಗಿದ್ದ ಹಿತ್ತಲ ಕೋಲಿಯಲ್ಲಿ ಅವಳನ್ನು ಮಲಗಿಸಿದ್ದರು. ಹೊರಗೆ ಪಡಸಾಲೆಯಲ್ಲಿ ಮಾತಾಡಿಸಲು ಬಂದವರು ತುಂಬಿದ್ದರು. ನಾನು ಬಾಗಿಲು ಮುಂದಕ್ಕೆ ಹಾಕಿ ಅವಳ ಪಕ್ಕ ಕೂತೆ. ಸೊರಗಿ ಹಿಡಿಯಷ್ಟಾಗಿದ್ದಳು.

"ಅವ್ವಾ, ನಿದ್ದಿ ಹತ್ತತೈತೇನು?" ಎಂದೆ. ನನಗೆ ಕೇಳಲು ಬರುತ್ತಿದ್ದದ್ದು ಅದೊಂದೇ ಪ್ರಶ್ನೆ.

"ಎಲ್ಲೀ ನಿದ್ದಿ" ಎಂದಳು. ಸೂರು ನೋಡುತ್ತ, "ನಿನ್ನ ಸಿಟ್ಟ ಇಳೀತೇನು?" ಎಂದು ಕೇಳಿದಳು.

"ಯಾವ ಸಿಟ್ಟ ಬೇ?"

"ಅವತ್ತ ನಾ ಕರಿಯಾಕ ಬಂದಾಗಿಂದು. ನೀ ಎಚ್ಚರ ಇದ್ದಿ. ನಾ ಹಡದ ಮಗಳು ಮಲಗೂದು ನನಗ ಗೊತ್ತಿಲ್ಲೇನು? ನಿದ್ದ್ಯಾಗ ನಿನ್ನ ಕಾಲ ಹಿಡದ್ರ ಝಾಡಿಸಿ ಒದೀತಿದ್ದಿ, ಸಣ್ಣಾಕಿದ್ದಾಗಿಂದ. ಅವತ್ತ ಸುಮ್ಮ ಹಿಡಸಿಕೊಂಡಿ. ಪತ್ರ ಬರದ ವರ್ಷ ಆಗಾಕ ಬಂದಿತ್ತು, ತಡಾ ಮಾಡಿ ಬಂದ್ನೆಲ್ಲ, ಸಿಟ್ಟಾಗ್ಯಾಳ, ಇಳೀಲಿ ಅಂತ ಕುಂತೆ. ಬಸ್ಸಿನ ಹೊತ್ತ ಆಗೂತನಕ ಕುಂತೆ. ಇಳೀಲಿಲ್ಲ." ಉಸಿರು ತೆಗೆದುಕೊಂಡಳು. "ಮಗಳು ಮಾತಾಡ್ಲಿಲ್ಲ ಅಂತ ಮಂದಿ ಮುಂದ ಹೆಂಗ ಹೇಳ್ಲಿ? ನಿದ್ದ್ಯಾಗ ಇದ್ಲು ಅಂದೆ."

"ಅವ್ವಾ, ನೀ ಅಂತ ನನಗ ಗೊತ್ತಿರಲಿಲ್ಲ ಬೇ. ದೇವರಾಣಿ ಗೊತ್ತಿರಲಿಲ್ಲ. ಬ್ಯಾರೆ ಯಾರೋ ಅಂತ ತಿಳದಿದ್ದೆ. ನಿನ್ನಽ ದಾರಿ ಕಾಯಾಕತ್ತಿದ್ದೆ. ಒಂದ ಸಲ ನನ್ನ ಕರದಿದ್ರ, ಒಂದ ಸಲ ಒದರಿದ್ರ..."

ಅವ್ವ ತಲೆ ಹೊರಳಿಸಿ ನನ್ನನ್ನು ನೋಡಿದಳು.

"ಹೆಂಗ ಒದರ್ಲಿ?" ಎಂದಳು. "ನಿನಗ ನನ್ನ ದನಿ ಆಗಿಬರೂದಿಲ್ಲಲ್ಲ."